ಕಣಿವೆಯಂಚಿನ ದಾರಿಯಲ್ಲಿ ಹೆಣ್ಣು ತೋರಿಸಿದ್ದು

ನಮ್ಮ ತಾತ ಒಂದು ಶುಕ್ರವಾರವನ್ನು ಎರಡು ಲೆಕ್ಕದಲ್ಲಿ ಎಣಿಸಿದ. ಆ ತಪ್ಪಿಗೆ ನಾವು ನಾಲ್ಕು ಜನ ಒಂದು ಹಗಲೆಲ್ಲಾ ಕಣಿವೆಯ ಅಂಚಿನ ಕಾಡುದಾರಿಯಲ್ಲಿ ನಡೆದೆವು. ನಮ್ಮ ಜೊತೆಗೆ, ಪಾಪ, ಏನೂ ಅರಿಯದ ಇನ್ನೂ ಮೂರು ಜನರನ್ನು ನಡೆಸಿದೆವು. ಈಗಿನವರು ಇಂಥದ್ದಕ್ಕೆ ಬೆನ್ನಿಗೆ ಚೀಲ ಏರಿಸಿ, ಟೋಪಿ ಹಾಕಿಕೊಂಡು ಹೊರಡುತ್ತಾರೆ, ಬಂದು ಕಾಲುನೋವು ಅಂತ ಮೂರು ದಿನ ಮಲಗುತ್ತಾರೆ. ನಾವು ಹೋದದ್ದು ಹೆಣ್ಣು ತೋರಿಸುವುದಕ್ಕೆ.

ನಮ್ಮದು ಅಲ್ಲಾಳಸಂದ್ರದ ಕೆರೆಯಿಂದ ಅಷ್ಟೇನೂ ದೂರವಿಲ್ಲದ ಒಂದು ಊರು. ಈಗ ಅಲ್ಲಿ ಹೋಗಿ ಊರು ಎಲ್ಲಿ ಅಂತ ಹುಡುಕಿದರೆ ಸಿಗುವುದಿಲ್ಲ, ಅದು ಬೇರೆ ಮಾತು. ಐವತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಅಲ್ಲಿದ್ದದ್ದು ಐವತ್ತು ಅರವತ್ತು ಒಕ್ಕಲು ಮನೆ. ಮೂರು ವರ್ಷಕ್ಕೊಂದು ಸಲ ನಮ್ಮಲ್ಲಿ ಹೊರಬೀಡು ಮಾಡುತ್ತಿದ್ದರು. ಹೊರಬೀಡು ಅಂದರೆ ಇಡೀ ಊರು ಒಂದು ದಿನ ಊರು ಬಿಡುವುದು. ಹೊತ್ತು ಮೂಡುವ ಮೊದಲೇ ಎಲ್ಲ ಮನೆಯವರೂ ದನಕರು, ನಾಯಿ, ಕೋಳಿ, ಕೈಕೂಸು, ಕಾಲಿಲ್ಲದ ಮುದುಕರು ಎಲ್ಲರನ್ನೂ ಕರೆದುಕೊಂಡು ಹೊರಡಬೇಕು. ಊರಬಾಗಿಲಿಗೆ ಮುಳ್ಳುಕಂಟಿ ಎಳೆದು ಮುಚ್ಚುತ್ತಾರೆ. ಒಳಗೆ ಒಲೆ ಉರಿಯುವಂತಿಲ್ಲ, ದೀಪ ಇರುವಂತಿಲ್ಲ. ಆ ದಿನ ಊರೊಳಗೆ ಗ್ರಾಮದೇವತೆ ಒಬ್ಬಳೇ ಓಡಾಡುತ್ತಾಳೆ, ಅಡ್ಡ ಬಂದವರಿಗೆ ಒಳ್ಳೆಯದಾಗುವುದಿಲ್ಲ ಅಂತ ನಂಬಿಕೆ. ಸಂಜೆ ಪೂಜಾರಿ ಮುಳ್ಳು ತೆಗೆದು ನೀರು ಚಿಮುಕಿಸಿದ ಮೇಲೆಯೇ ಒಳಗೆ ಕಾಲಿಡಬೇಕು. ಅಲ್ಲಿಯವರೆಗೂ ಎಲ್ಲರೂ ಕೆರೆಯಾಚೆಯ ಮಾವಿನ ತೋಪಿನಲ್ಲಿ ಕಲ್ಲು ಹೂಡಿ ಅಡುಗೆ ಮಾಡಿ ಉಂಡು, ಒಂದಿಷ್ಟು ಜಗಳ ಆಡಿ, ಮರದಡಿ ನಿದ್ದೆ ತೆಗೆಯುತ್ತಿದ್ದರು. ಮಕ್ಕಳಿಗಂತೂ ಅದಕ್ಕಿಂತ ಒಳ್ಳೆಯ ದಿನ ಇರಲಿಲ್ಲ.

ಹೊರಬೀಡಿನ ದಿನ ಗೊತ್ತು ಮಾಡುವ ಹಿರಿಯರಲ್ಲಿ ತಾತನೂ ಒಬ್ಬ. ಅದರ ಲೆಕ್ಕ ಯಾವಾಗಲೂ ಚಂದ್ರನ ಮೇಲೆ. ಹುಣ್ಣಿಮೆ ಕಳೆದ ಎರಡನೆಯ ಶುಕ್ರವಾರ ಅಂತ ಅರಳಿಕಟ್ಟೆಯಲ್ಲಿ ಮಾತಾಯಿತು, ತಾತ ಸರಿ ಅಂತ ತಲೆಯಾಡಿಸಿ ಮನೆಗೆ ಬಂದ. ಅದಾದ ಎರಡು ದಿನಕ್ಕೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ, ಬರುವ ತಿಂಗಳ ಮೊದಲ ಶುಕ್ರವಾರ ಹೆಣ್ಣು ನೋಡಲು ಬನ್ನಿ ಅಂತ ಗಂಡಿನ ಕಡೆಯವರಿಗೆ ಒಂದು ಕಾರ್ಡು ಬರೆಸಿ ಹಾಕಿದ. ಎರಡೂ ಒಂದೇ ಶುಕ್ರವಾರ ಅಂತ ಆತನಿಗೆ ಹೊಳೆಯಲೇ ಇಲ್ಲ. ದೇವರ ಕೆಲಸಕ್ಕೆ ಚಂದ್ರ, ಅಂಚೆ ಕಚೇರಿಯ ಕೆಲಸಕ್ಕೆ ಕ್ಯಾಲೆಂಡರ್. ಎರಡನ್ನೂ ಒಟ್ಟಿಗೆ ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಸೋಮವಾರ ಸಂಜೆ ತಮಟೆಯವನು ನಮ್ಮ ಬಾಗಿಲ ಮುಂದೆ ನಿಂತು ಹೊರಬೀಡು ಸಾರಿದಾಗಲೇ ತಾತ ಬಾಯಿಗಿಟ್ಟ ಎಲೆಅಡಿಕೆ ಹಾಗೇ ನಿಲ್ಲಿಸಿಕೊಂಡು ಕೂತದ್ದು.

ಅಜ್ಜಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಶುಕ್ರವಾರ ಊರ್ನಾಗೆ ಒಲೆ ಅಚ್ಚಂಗಿಲ್ಲ, ಬಾಗ್ಲು ತೆಗ್ಯಂಗಿಲ್ಲ. ಬಂದೋರ್ನ ಮುಳ್ಳುಬೇಲಿ ಮುಂದೆ ಕೂರ್ಸಿ ಎಣ್ಣು ತೋರುಸ್ತೀರಾ?"

"ತೋಪ್ನಾಗೇ ತೋರ್ಸಿದ್ರಾಯ್ತು ಬಿಡು" ಅಂದ ತಾತ.

"ಊರಿಗೂರೇ ಅಲ್ ಕೂತಿರ್ತದೆ. ಮೂರು ಸಲ ಆಗಿದ್ದು ಸಾಕಾಗ್ಲಿಲ್ವಾ? ನಾಕನೇ ಸಲ ಎಲ್ರೂ ಸುತ್ತ ನಿಂತು ನೋಡ್ಬೇಕಾ?"

ಅಜ್ಜಿಯ ಮಾತಿನಲ್ಲಿ ನ್ಯಾಯ ಇತ್ತು. ಹೆಣ್ಣು ಅಂದರೆ ನಮ್ಮ ಅತ್ತೆ, ಅಪ್ಪನ ತಂಗಿ, ತಾತನ ಕೊನೆಯ ಮಗಳು. ಇಪ್ಪತ್ತೊಂದು ತುಂಬಿತ್ತು. ನಮ್ಮ ಮನೆಯ ಬಾಗಿಲುಗಳಲ್ಲಿ ತಲೆ ಬಗ್ಗಿಸಿ ಓಡಾಡುವಷ್ಟು ಎತ್ತರ. ಬುಟ್ಟಿ ಹೊತ್ತು ಹೊಲಕ್ಕೆ ಹೊರಟಳು ಅಂದರೆ ಹಿಂದೆ ಚಿಕ್ಕ ಹುಡುಗಿ ನಾನು ಓಡಬೇಕಿತ್ತು. ಆ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು, ಕಾಲು ಗೀಲು ಊನವಿದೆಯೋ ಏನೋ ಅಂತ. ಅತ್ತೆಗೆ ನಮ್ಮ ಪಡಸಾಲೆ ದಾಟಲು ನಾಲ್ಕು ಹೆಜ್ಜೆ ಬೇಕಿರಲಿಲ್ಲ, ಎರಡು ಸಾಕಿತ್ತು. ಮೂರು ಕಡೆಯವರು ಬಂದು ಆ ಎರಡು ಹೆಜ್ಜೆ ನೋಡಿ ಹೋದರು. ಅವರಲ್ಲಿ ಒಬ್ಬ ಯಲಹಂಕ ಸ್ಟೇಷನ್ನಿನಲ್ಲಿ ನಿಂತು "ಆ ಹುಡುಗಿ ಗಂಡುಬೀರಿ" ಅಂದದ್ದು ಸಂಜೆಯೊಳಗೆ ನಮ್ಮ ಊರು ಮುಟ್ಟಿತ್ತು. ಇವತ್ತು ನೆನೆಸಿಕೊಂಡರೂ ನನಗೆ ಮೈ ಉರಿಯುತ್ತದೆ. ಕಾಲು ನೆಟ್ಟಗಿದೆಯಾ ಅಂತ ನೋಡಲು ಬಂದವನು, ನೆಟ್ಟಗಿದ್ದ ಕಾಲನ್ನೇ ತಪ್ಪು ಅಂದ.

ಯಲಹಂಕದ ಹತ್ತಿರದ ನಮ್ಮ ಸಿಂಗಾಪುರದ ಕಡೆ ಒಬ್ಬ ಯಜಮಾನರಿದ್ದರು. ನಲವತ್ತು ದಾಟಿತ್ತು, ಹೆಂಡತಿ ತೀರಿಕೊಂಡಿದ್ದರು, ಮೂರು ಮಕ್ಕಳು. ಹುಡುಗಿ ಹೇಗೆ ನಡೆದರೂ ತಮಗೆ ಅಡ್ಡಿಯಿಲ್ಲ ಅಂತ ಹೇಳಿ ಕಳಿಸಿದ್ದರು. ಈ ನಾಲ್ಕನೆಯ ಸಂಬಂಧವೂ ತಪ್ಪಿದರೆ ಅಲ್ಲಿಗೇ ಕೊಡುವುದು ಅಂತ ಅಜ್ಜಿ ಹಟ ಹಿಡಿದಿದ್ದಳು, ತಾತ ಸೋತು ಹೂಂ ಅಂದಿದ್ದ. ಅತ್ತೆಯನ್ನು ಯಾರೂ ಏನೂ ಕೇಳಿರಲಿಲ್ಲ. ಆ ವಾರವೆಲ್ಲಾ ನಮ್ಮ ಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಸ್ವಲ್ಪ ಜಾಸ್ತಿ ಇತ್ತು.

ಮಂಗಳವಾರ ಅಪ್ಪ ರೈಲು ಹತ್ತಿ ಗಂಡಿನವರ ಊರಿಗೆ ಹೋಗಿಬಂದ. ಅವರದು ದೊಡ್ಡಬಳ್ಳಾಪುರ ದಾಟಿ, ಗುಡ್ಡಗಳು ಶುರುವಾಗುವ ಕಡೆ. ಗೊತ್ತಾದ ದಿನವನ್ನು ಮುಂದೆ ಹಾಕುವುದು ಶುಭವಲ್ಲ, ಬೇಕಾದರೆ ನೀವೇ ಅರ್ಧ ದಾರಿ ಬನ್ನಿ ಅಂದರಂತೆ. ತಾತನ ಮುಖ ಅರಳಿತು. ಅವರ ಊರಿಗಿಂತ ಈಚೆಗಿರುವ ಸಣ್ಣ ಸ್ಟೇಷನ್ನಿನ ಹಿಂದೆ ಒಂದು ಕಣಿವೆ ಇದೆ, ಅದರ ಅಂಚಿನಲ್ಲೇ ಕಾಡಿನ ನೆರಳಲ್ಲಿ ದಾರಿ, ದಾರಿಯ ಕೊನೆಗೆ ಕಲ್ಲುಮಂಟಪ, ಪಕ್ಕದಲ್ಲೇ ಬಾವಿ. ತಾನು ಬಿದಿರು ತರಲು ಹೋಗುತ್ತಿದ್ದ ದಾರಿ, ಕಣ್ಣು ಕಟ್ಟಿ ಬಿಟ್ಟರೂ ನಡೆದೇನು ಅಂದ. ಅಲ್ಲಿ ಅಡುಗೆ ಮಾಡೋಣ, ಅಲ್ಲೇ ಮಾತಾಡೋಣ, ಹೊರಬೀಡೂ ಆಯಿತು, ಹೆಣ್ಣು ತೋರಿಸಿದ್ದೂ ಆಯಿತು.

"ಎಷ್ಟು ದೂರ?" ಅಂದಳು ಅಜ್ಜಿ.

"ಒಂದು ಗಂಟೆ ದಾರಿ."

ಅದು ಇಪ್ಪತ್ತು ವರ್ಷದ ಹುಡುಗನಾಗಿದ್ದಾಗ ನಡೆದ ಗಂಟೆ ಅಂತ ಅಜ್ಜಿಗೆ ಹೊಳೆಯದೆ ಹೋಯಿತು.

ಬುಧವಾರ ಅಪ್ಪ ಮತ್ತೆ ಹೋಗಿ ಗಂಡಿನವರಿಗೆ ಜಾಗ ತಿಳಿಸಿ ಬಂದ. ಶುಕ್ರವಾರ ಕತ್ತಲಲ್ಲೇ ಊರು ಹೊರಟಿತು. ಅಪ್ಪ, ಅಮ್ಮ ದನಗಳನ್ನೂ ನನ್ನ ತಮ್ಮಂದಿರನ್ನೂ ಹೊಡೆದುಕೊಂಡು ತೋಪಿಗೆ ಹೋದರು. ತಮ್ಮಂದಿರನ್ನೂ ಹೊಡೆದುಕೊಂಡೇ ಹೋಗಬೇಕಾಯಿತು. ನಾನು ಅತ್ತೆಯ ಜೊತೆಗೆ ಬೇಕು ಅಂತ ನನ್ನನ್ನು ಕರೆದುಕೊಂಡರು. ತಾತ, ಅಜ್ಜಿ, ಅತ್ತೆ, ನಾನು ಯಲಹಂಕಕ್ಕೆ ನಡೆದು ಬೆಳಗಿನ ಪ್ಯಾಸೆಂಜರ್ ಹತ್ತಿದೆವು. ಅತ್ತೆ ಹಸಿರು ಸೀರೆ ಉಟ್ಟಿದ್ದಳು, ತಲೆಗೆ ಕನಕಾಂಬರ. ಕಿಟಕಿಯಿಂದ ಇಂಜಿನ್ನಿನ ಮಸಿ ಹಾರಿ ಬಂದು ಹೂವಿನ ಮೇಲೆ ಕೂರುತ್ತಿತ್ತು, ಅಜ್ಜಿ ದಾರಿಯುದ್ದಕ್ಕೂ ಅದನ್ನು ಊದುತ್ತಲೇ ಇದ್ದಳು. ಊದುವುದರ ಮಧ್ಯೆ ಪಾಠ: "ಎಜ್ಜೆ ಮೇಲೆ ಎಜ್ಜೆ ಇಡು. ಇರುವೆ ತುಳೀದೇ ನಡೆಯಂಗೆ ನಡೀಬೇಕು. ನನ್ನ ಇಂದೇನೇ ಇರು. ಮುಂದಕ್ಕೆ ಮಾತ್ರ ಬರ್ಬ್ಯಾಡ."

"ಆಯ್ತವ್ವ" ಅನ್ನುವುದು, ಕಿಟಕಿಯಾಚೆ ನೋಡುವುದು. ಅತ್ತೆಯದು ಅಷ್ಟೇ.

ಗುಡ್ಡಗಳ ನಡುವಿನ ಆ ಸ್ಟೇಷನ್ನಿನಲ್ಲಿ ಮೂರು ಜನ ಕಾಯುತ್ತಿದ್ದರು. ಹುಡುಗ, ಅವನ ತಾಯಿ, ಅವನ ಸೋದರಮಾವ. ಎತ್ತಿನ ಗಾಡಿಯಲ್ಲಿ ಬಂದಿಳಿದಿದ್ದರು, ಗಾಡಿ ಸಂಜೆಗೆ ಮಂಟಪದ ಹತ್ತಿರ ಬರುವುದಾಗಿ ಹೇಳಿ ಹೋಗಿತ್ತು. ಹುಡುಗ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ಗುಂಡುಮುಖ, ಅತ್ತೆಗಿಂತ ಒಂದು ಬೆರಳು ಕುಳ್ಳೋ ಏನೋ. ಗರಿಗರಿ ಷರಟು, ಕಾಲಿಗೆ ಹೊಚ್ಚ ಹೊಸ ಕರಿಯ ಬೂಟ್ಸು. ತಾಯಿ ದಪ್ಪನೆಯ ಹೆಂಗಸು, ಎರಡು ಮಾತಿಗೊಮ್ಮೆ ನಗುವವರು. ಸೋದರಮಾವ ಒಮ್ಮೆಯೂ ನಗದವರು. ಎಲ್ಲ ಶಾಸ್ತ್ರವೂ ಅವರ ಕೈಯಲ್ಲಿತ್ತು. ಕೊಡೆಯನ್ನು ಕೋಲಿನಂತೆ ಊರಿಕೊಂಡು ನಿಂತು, ಮಾತು ಮುಗಿಯುವ ತನಕ ತಾವು ಮೂವರೂ ನಮ್ಮ ಕೈಯಿಂದ ನೀರು, ಎಲೆಅಡಿಕೆ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ ಅಂತ ಮೊದಲೇ ತಿಳಿಸಿದರು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮ ಕಡೆ ಹೆಣ್ಣಿನವರ ಮನೆಯಲ್ಲಿ ಉಂಡರೆ ಹೆಣ್ಣನ್ನು ಒಪ್ಪಿದ ಹಾಗೆ. ಉಂಡ ಮೇಲೆ ಇಲ್ಲ ಅನ್ನುವಂತಿಲ್ಲ. ಒಂದು ಗಂಟೆಯ ದಾರಿ, ಮಂಟಪ ಮುಟ್ಟಿ ಮಾತು ಮುಗಿಸಿ ಉಂಡರಾಯಿತು ಅಂತ ತಾತ ಕೈಬೀಸಿ ಹೊರಟೇಬಿಟ್ಟ.

ಕಂಬಿ ದಾಟಿ ಸ್ವಲ್ಪ ಏರಿದ ಕೂಡಲೇ ನೆರಳು. ಹೊಂಗೆ, ನೇರಳೆ, ಬಾಗೆ, ಮುತ್ತುಗ, ನಡುನಡುವೆ ಬಿದಿರು ಮೆಳೆ. ಮಳೆಗಾಲ ಆಗಷ್ಟೇ ಮುಗಿದಿತ್ತು, ಎಲೆಗಳು ಇನ್ನೂ ದಪ್ಪಗಿದ್ದವು. ಎಡಗಡೆಗೆ ಹತ್ತು ಹೆಜ್ಜೆಯಾಚೆ ನೆಲವೇ ಇರಲಿಲ್ಲ. ಮರಗಳ ಸಂದಿಯಿಂದ ಇಣುಕಿದರೆ ಕಣಿವೆ, ಆಚೆ ಕಡೆಯ ಬಂಡೆಗಳು ಬೆಳಗಿನ ಬಿಸಿಲಿಗೆ ಕೆಂಪಗೆ ಕಾಣುತ್ತಿದ್ದವು, ತಳದಲ್ಲಿ ಸಣ್ಣಗೆ ನೀರು ಹರಿಯುತ್ತಿತ್ತು. ಬಯಲಿನಲ್ಲಿ ಹುಟ್ಟಿ ಬೆಳೆದ ನಾನು ಅಷ್ಟು ಆಳವನ್ನು ಬಾವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ. ಅಂಚಿಗೆ ಹೋಗಿ ಒಂದು ಕೂಗು ಹಾಕಿದೆ, ಅದು ಹಿಂದಕ್ಕೆ ಬಂತು. ಇನ್ನೊಂದು ಹಾಕಿದೆ. ಮೂರನೆಯದಕ್ಕೆ ಸೋದರಮಾವನವರು ಕೊಡೆ ಕುಟ್ಟಿದರು.

ತಾತ ಮುಂದೆ. ಅವನಿಗೆ ಒಂದೊಂದು ಮರದ ಹತ್ತಿರವೂ ಒಂದೊಂದು ಕಥೆ. ಇಲ್ಲಿ ಕರಡಿ ಕಂಡದ್ದು, ಇಲ್ಲಿ ಜೇನು ಇಳಿಸಿದ್ದು, ಇಲ್ಲಿ ಗಾಡಿಯ ಅಚ್ಚು ಮುರಿದದ್ದು. ಅವನ ಹಿಂದೆ ಗಂಡಿನವರು ಮೂವರು, ಆಮೇಲೆ ಅಜ್ಜಿ, ಅಜ್ಜಿಯ ಹಿಂದೆ ಅಡುಗೆಯ ಬುಟ್ಟಿ ಹೊತ್ತ ಅತ್ತೆ, ಕೊನೆಗೆ ನಾನು. ಅಜ್ಜಿ ಒಂದು ಹೆಜ್ಜೆ ಇಟ್ಟು ಉಸಿರು ಬಿಟ್ಟರೆ ಅತ್ತೆ ಅರ್ಧ ಹೆಜ್ಜೆ ಇಟ್ಟು ನಿಲ್ಲುತ್ತಿದ್ದಳು. ಗಂಡಿನ ತಾಯಿ ಆಗಾಗ ತಿರುಗಿ ನೋಡಿದಾಗೆಲ್ಲಾ ಅತ್ತೆ ಇರುವೆ ತುಳಿಯದವರ ಹಾಗೆ ಕಾಲಿಡುತ್ತಿದ್ದಳು. ನಾನು ಹಿಂದಿನಿಂದ ನೋಡುತ್ತಿದ್ದೆ, ಅವಳ ಹಿಮ್ಮಡಿ ನಡುಗುತ್ತಿತ್ತು. ಓಡುವ ಎತ್ತನ್ನು ಹಗ್ಗ ಹಿಡಿದು ನಿಲ್ಲಿಸಿದ ಹಾಗಿತ್ತು ಅವಳ ಪಾಡು.

ಒಂದು ಗಂಟೆ ಕಳೆಯಿತು. ಮಂಟಪ ಬರಲಿಲ್ಲ. "ಆ ಬಸರಿ ಮರ ದಾಟಿದ್ರೆ ಬಂದೇ ಬಿಡ್ತು" ಅಂದ ತಾತ. ಬಸರಿ ಮರ ಬಂತು, ಅದನ್ನು ದಾಟಿದರೆ ದಾರಿಯೇ ಇರಲಿಲ್ಲ. ಮಳೆಗೆ ಅಂಚು ಕುಸಿದು ಒಂದು ಗಾಡಿಯುದ್ದ ಮಣ್ಣು ಕಣಿವೆಗೆ ಬಿದ್ದುಹೋಗಿತ್ತು. ಬಲಕ್ಕೆ ಗುಡ್ಡ ಹತ್ತಿ, ಪೊದೆ ಬಳಸಿ, ಸೀತಾಫಲದ ಗಿಡಗಳ ನಡುವೆ ತೂರಿ ಮತ್ತೆ ಅಂಚಿಗೆ ಬಂದು ಸೇರುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಸೋದರಮಾವನವರ ಪಂಚೆಗೆ ಮುಳ್ಳು ಸಿಕ್ಕಿ ಒಂದು ಮೊಳ ಹರಿಯಿತು. ಅದನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದುಕೊಂಡು ಶಾಸ್ತ್ರವನ್ನೂ ಕಾಪಾಡುತ್ತಾ ನಡೆದರು. ನನಗೆ ನಗು ತಡೆಯಲಾಗದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ, ನನ್ನದಲ್ಲ, ಅತ್ತೆಯ ಸೆರಗಿನಲ್ಲಿ. ಅವಳ ಹೊಟ್ಟೆಯೂ ಕುಲುಕುತ್ತಿತ್ತು.

ಅಲ್ಲಿಂದ ಸ್ವಲ್ಪ ದೂರ ನಡೆದ ಮೇಲೆ ಅಜ್ಜಿ ತಟಕ್ಕನೆ ನಿಂತಳು. ಅತ್ತೆಯ ಕೈ ಹಿಡಿದು ಪಿಸುಗುಟ್ಟಿದಳು: "ನೋಡಮ್ಮಿ, ಗಂಡು ಕುಂಟ್ತಾವ್ನೆ."

ನಿಜವೇ. ಹುಡುಗ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದ. ನಾವು ನೋಡುತ್ತಿದ್ದೇವೆ ಅಂತ ಗೊತ್ತಾದ ಕೂಡಲೇ ನೆಟ್ಟಗೆ ನಡೆಯಲು ಹೋಗಿ ಇನ್ನಷ್ಟು ಕುಂಟಿದ. ಅಜ್ಜಿಯ ಮುಖ ಕಪ್ಪಿಟ್ಟಿತು. ಮೂರು ಕಡೆಯವರ ಮುಂದೆ ಮಗಳ ಕಾಲನ್ನು ತೋರಿಸಿ ತಲೆ ತಗ್ಗಿಸಿದ್ದ ಅಜ್ಜಿ, ಈಗ ಹುಬ್ಬಿಗೆ ಕೈಯಿಟ್ಟು ಗಂಡಿನ ಕಾಲನ್ನು ಪರೀಕ್ಷೆ ಮಾಡಲು ಶುರು ಮಾಡಿದಳು. ಹತ್ತು ಹೆಜ್ಜೆ ನೋಡಿದಳು, ಇಪ್ಪತ್ತು ಹೆಜ್ಜೆ ನೋಡಿದಳು. "ಇದನ್ನ ನಮ್ಗೆ ಏಳ್ಲೇ ಇಲ್ವಲ್ಲ" ಅಂತ ಗೊಣಗಿದಳು.

ಅತ್ತೆ ಗಂಡಿನವರ ಮುಂದೆ ಮೊದಲ ಸಲ ಬಾಯಿ ಬಿಟ್ಟಳು. ಹೆಸರಿಗೆ ಅಜ್ಜಿಗೆ, ಆದರೆ ಹುಡುಗನಿಗೇ ಕೇಳುವಂತೆ ಹೇಳಿದಳು. "ಬೂಟ್ಸ್ ಕಚ್ತಾ ಇದೆ. ಬಿಚ್ಚಿ ಕೈಲಿ ಇಟ್ಕೊಳ್ಳೋಕ್ ಹೇಳವ್ವ."

ಎಲ್ಲರೂ ನಿಂತರು. ನೋಡಲು ಬಂದ ಗಂಡಿನ ಜೊತೆ ಹೆಣ್ಣು ಮಾತಾಡುವುದು ಅಂದರೆ ಆಗ ಸಣ್ಣ ಮಾತಲ್ಲ. ಹುಡುಗ ಕಿವಿಯವರೆಗೂ ಕೆಂಪಾದ. ಆಮೇಲೆ ಒಂದು ಬಂಡೆಯ ಮೇಲೆ ಕೂತು ಬೂಟ್ಸು ಬಿಚ್ಚಿದ. ಹಿಮ್ಮಡಿಯಲ್ಲಿ ನೆಲ್ಲಿಕಾಯಿ ಗಾತ್ರದ ಬೊಬ್ಬೆ ಎದ್ದು ಒಡೆದಿತ್ತು. "ನಿನ್ನೆ ತಗೊಂಡೆ. ಬೆಂಗ್ಳೂರ್ನೋರು, ಬರೀ ಕಾಲಲ್ಲಿ ಹೋದ್ರೆ ಏನನ್ಕೋತಾರೋ ಅಂತ..." ಅಂದ, ಯಾರ ಮುಖವನ್ನೂ ನೋಡದೆ. ನಮ್ಮನ್ನು ಬೆಂಗಳೂರಿನವರು ಅಂದವನು ಅವನೊಬ್ಬನೇ. ಅಜ್ಜಿ ಸಣ್ಣದಾಗಿ ಬೀಗಿದಳು. ಅತ್ತೆ ಬುಟ್ಟಿಯ ಮೇಲೆ ಹೊದಿಸಿದ್ದ ಬಟ್ಟೆಯಿಂದ ಒಂದು ಪಟ್ಟಿ ಹರಿದು ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಅವನು ಅದನ್ನು ಹಿಮ್ಮಡಿಗೆ ಸುತ್ತಿಕೊಂಡು, ಬೂಟ್ಸನ್ನು ಹೆಗಲಿಗೆ ನೇತುಹಾಕಿಕೊಂಡು ಬರಿಗಾಲಿನಲ್ಲಿ ನಡೆದ. ಕುಂಟು ಹೋಗಲಿಲ್ಲ, ಆದರೆ ಅರ್ಧ ಕಡಿಮೆಯಾಯಿತು.

ಆಗ ಗಂಡಿನ ತಾಯಿ ಕೂತುಬಿಟ್ಟರು. ಒಂದು ನೇರಳೆ ಮರಕ್ಕೆ ಒರಗಿ ಕಣ್ಣು ಮುಚ್ಚಿದರು. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಚೊಂಬಿನ ನೀರು ಆಗಲೇ ಖಾಲಿಯಾಗಿತ್ತು. ಹಣೆಯಲ್ಲಿ ಬೆವರು, ತುಟಿ ಬೆಳ್ಳಗೆ. ಹುಡುಗ ಗಾಬರಿಯಾಗಿ ಅಮ್ಮಾ ಅಮ್ಮಾ ಅಂತ ಕೂತ. ತಾತನ ಕಥೆಗಳೆಲ್ಲಾ ನಿಂತುಹೋದವು.

ಅತ್ತೆ ಬುಟ್ಟಿ ಇಳಿಸಿದಳು. ಅಂಚಿಗೆ ಹೋಗಿ ಕೆಳಗೆ ನೋಡಿದಳು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚೊಂಬು ತೆಗೆದುಕೊಂಡು, "ಬಾರೆ" ಅಂತ ನನಗೊಂದು ಮಾತು ಹೇಳಿ ಇಳಿದೇಬಿಟ್ಟಳು. ಅಜ್ಜಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡದ್ದನ್ನು ನಾನು ತಿರುಗಿ ನೋಡಿದೆ. ಅಲ್ಲಿಗೆ ಇರುವೆ ನಡಿಗೆ ಮುಗಿಯಿತು. ಅತ್ತೆ ಬಂಡೆಯಿಂದ ಬಂಡೆಗೆ, ಬೇರಿನಿಂದ ಬೇರಿಗೆ ಉದ್ದುದ್ದ ಕಾಲು ಹಾಕುತ್ತಾ ಇಳಿಯುತ್ತಿದ್ದರೆ ನಾನು ಅರ್ಧಕ್ಕೇ ಕೂತು, ಬೇರು ಹಿಡಿದುಕೊಂಡು ನೋಡುತ್ತಾ ಉಳಿದೆ. ನೀರು ಮುಟ್ಟಿ, ಮುಖಕ್ಕೆ ಒಂದು ಬೊಗಸೆ ಎರಚಿಕೊಂಡು, ತುಂಬಿದ ಚೊಂಬಿನೊಂದಿಗೆ ಅವಳು ಮೇಲೆ ಬಂದಳು. ಒಂದು ಹನಿ ಚೆಲ್ಲಿರಲಿಲ್ಲ. ಅವಳ ಮುಖದಲ್ಲಿ ಆ ವಾರವೆಲ್ಲಾ ಇರದಿದ್ದ ಒಂದು ಗೆಲುವು ಇತ್ತು. ನನಗೆ ಅಷ್ಟು ಸಂತೋಷವಾಯಿತು, ಯಾಕೆ ಅಂತ ಆಗ ಗೊತ್ತಾಗಲಿಲ್ಲ.

ನೀರು ಕುಡಿದ ಮೇಲೆ ಗಂಡಿನ ತಾಯಿ ಕಣ್ಣು ಬಿಟ್ಟರು. ಅತ್ತೆ ಬುಟ್ಟಿಯಿಂದ ರಾಗಿ ಹುರಿಹಿಟ್ಟಿನ ಡಬ್ಬ ತೆಗೆದು, ಬೆಲ್ಲ ಪುಡಿ ಮಾಡಿ, ನೀರು ಚಿಮುಕಿಸಿ ಕಲಸಿ ಉಂಡೆ ಕಟ್ಟಿದಳು. ಕೊಡಲು ಕೈ ಚಾಚಿದಾಗ ಸೋದರಮಾವನವರ ಕೊಡೆ ಅಡ್ಡ ಬಂತು.

"ಇನ್ನೂ ಮಾತಾಗಿಲ್ಲ ಕಣಮ್ಮ. ತಿನ್ನಂಗಿಲ್ಲ."

ಗಂಡಿನ ತಾಯಿ ಉಂಡೆಯನ್ನು ನೋಡಿದರು, ತಮ್ಮನನ್ನು ನೋಡಿದರು, ಕೈ ಹಿಂದಕ್ಕೆ ತೆಗೆದುಕೊಂಡರು. ಹೆಣ್ಣಿನ ಕಡೆಯವರು ತಿನ್ನಿ ಅಂತ ಒತ್ತಾಯ ಮಾಡಿದರೆ ಮೋಸಕ್ಕೆ ಮಾಡಿದ ಹಾಗೆ ಕಾಣುತ್ತದೆ. ಸುಮ್ಮನಿದ್ದರೆ ಎದುರಿಗಿರುವ ಹೆಂಗಸು ಬಿದ್ದುಹೋಗುತ್ತಾರೆ.

"ಇದಕ್ಕೆ ಲೆಕ್ಕ ಇಲ್ಲ ಕಣ್ರಮ್ಮ" ಅಂದಳು ಅತ್ತೆ. "ನೀವು ತಿಂದ್ರೂ ಒಪ್ಪಿದ್ರಿ ಅಂತ ನಾವ್ಯಾರೂ ಅನ್ನಲ್ಲ. ಬೇಡ ಅನ್ನೋದಿದ್ರೆ ಆಮೇಲೂ ಬೇಡ ಅನ್ನಿ. ಈಗ ತಿನ್ನಿ, ಆಮೇಲೆ ಹೇಳಿ."

ತಿರುಗಿ ತಾತನ ಮುಖ ನೋಡಿದಳು. ತಾತ ತಲೆಯಾಡಿಸಿದ. ಅಜ್ಜಿಯ ಕಣ್ಣು ಸಿಂಗಾಪುರದ ದಿಕ್ಕಿಗೆ ಹೋಯಿತೋ ಏನೋ, ಅಲ್ಲಿಂದ ಸಿಂಗಾಪುರ ಯಾವ ದಿಕ್ಕು ಅಂತ ನನಗೆ ಗೊತ್ತಿರಲಿಲ್ಲ. ಕೈಗೆ ಬಂದಿದ್ದ ಹಿಡಿತವನ್ನು ಅತ್ತೆ ತಾನಾಗಿಯೇ ಬಿಟ್ಟುಕೊಟ್ಟಿದ್ದಳು. ಗಂಡಿನ ತಾಯಿ ಉಂಡೆ ತೆಗೆದುಕೊಂಡು ತಿಂದರು. ಇನ್ನೊಂದು ಕೇಳಿ ತಿಂದರು. ಅವರ ಮುಖಕ್ಕೆ ಬಣ್ಣ ಬಂತು. ಸೋದರಮಾವನವರೂ ಲೆಕ್ಕವಿಲ್ಲ ಅಂತ ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಮೂರು ತಿಂದರು.

ಹುಡುಗ ಮಾತ್ರ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

"ತಿನ್ನೋ, ಲೆಕ್ಕ ಇಲ್ಲ ಅಂದ್ರಲ್ಲ" ಅಂದರು ಅವನ ತಾಯಿ.

"ನಂಗೆ ಲೆಕ್ಕ ಇರ್ಲಿ" ಅಂದ ಅವನು. ಮೆಲ್ಲಗೆ ಅಂದ, ಆದರೂ ಎಲ್ಲರಿಗೂ 
ಕೇಳಿಸಿತು. "ನಾನು ತಿಂದ್ರೆ ಒಪ್ಪಿಯೇ ತಿನ್ನೋದು. ಆದ್ರೆ ನಾನೊಬ್ನೇ ಒಪ್ಪಿದ್ರೆ ಸಾಕಾ? ಅವ್ರನ್ನೂ ಕೇಳಿ. ಅವ್ರು ತಿನ್ನು ಅಂದ್ರೆ ತಿಂತೀನಿ, ಬೇಡ ಅಂದ್ರೆ ಇಟ್ಬಿಡ್ತೀನಿ."

ಅತ್ತೆಯನ್ನು ಕೇಳುವುದು ಅನ್ನುವುದು ನಮ್ಮಲ್ಲಿ ಯಾರ ತಲೆಗೂ ಬಂದಿರಲಿಲ್ಲ. ತಾತನ ತಲೆಗೆ ಬಂದಿರಲಿಲ್ಲ, ಅಪ್ಪನ ತಲೆಗೆ ಬಂದಿರಲಿಲ್ಲ, ಅವಳ ಹಾಸಿಗೆಯಲ್ಲೇ ಮಲಗುತ್ತಿದ್ದ ನನ್ನ ತಲೆಗೂ ಬಂದಿರಲಿಲ್ಲ. ಅದನ್ನು ಹೇಳಲು ನನಗೆ ಇವತ್ತೂ ನಾಚಿಕೆಯಾಗುತ್ತದೆ. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅಜ್ಜಿಯಂತೂ ಹೂಂ ಅನ್ನು, ಹೂಂ ಅನ್ನು ಅಂತ ಕಣ್ಣಲ್ಲೇ ತಿವಿಯುತ್ತಿದ್ದಳು.

ಅತ್ತೆ ಡಬ್ಬದ ಮುಚ್ಚಳ ಹಾಕಿದಳು. ಬುಟ್ಟಿ ತಲೆಗಿಟ್ಟುಕೊಂಡಳು. "ಮಂಟಪ ಬರ್ಲಿ. ಅಲ್ಲಿ ಹೇಳ್ತೀನಿ" ಅಂದಳು.

ಅಂದವಳು ಅಜ್ಜಿಯನ್ನು ದಾಟಿದಳು, ಗಂಡಿನವರನ್ನು ದಾಟಿದಳು, ತಾತನನ್ನೂ ದಾಟಿ ಮುಂದೆ ನಡೆದಳು. ನಾನು ಓಡಿ ಅವಳ ಜೊತೆ ಸೇರಿಕೊಂಡೆ. ಹಿಂದೆ ಎಲ್ಲರೂ ಸಾಲಾಗಿ ಬರುತ್ತಿದ್ದರು. ಹುಡುಗ ಉಂಡೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಿದ್ದ, ಹೆಗಲ ಮೇಲೆ ಬೂಟ್ಸು, ಹೊಟ್ಟೆಯಲ್ಲಿ ಹಸಿವು.

"ಅತ್ತೆ, ಏನ್ ಹೇಳ್ತೀಯಾ?" ಅಂದೆ.

"ಗೊತ್ತಿಲ್ಲ ಕಣೆ."

"ಒಳ್ಳೇವ್ರಲ್ವಾ ಅವ್ರು?"

"ಒಳ್ಳೇವ್ರೇ." ಸ್ವಲ್ಪ ದೂರ ನಡೆದ ಮೇಲೆ ಹೇಳಿದಳು, "ನಾಕು ಸಲ ನನ್ನ ನೋಡಿದ್ರು. ಯೋಚ್ನೆ ಮಾಡೋಕೆ ನಂಗೆ ಅಂತ ಹೊತ್ತು ಸಿಕ್ಕಿರೋದು ಇವತ್ತೇ. ಕೆಡಿಸ್ಬೇಡ, ಸುಮ್ನೆ ನಡಿ."

ಸುಮ್ಮನೆ ನಡೆದೆವು. ಆ ಕೊನೆಯ ಒಂದೂವರೆ ಮೈಲಿಯಷ್ಟು ಚೆಂದದ ದಾರಿಯಲ್ಲಿ ನಾನು ಆಮೇಲೆ ಯಾವತ್ತೂ ನಡೆದಿಲ್ಲ. ದಾರಿ ಅಂಚಿನ ತೀರಾ ಹತ್ತಿರಕ್ಕೆ ಬಂದು, ಮರಗಳು ಕಣಿವೆಯ ಮೇಲಕ್ಕೆ ಬಾಗಿ, ನೆಲದ ತುಂಬ ಬಿಸಿಲಿನ ಚುಕ್ಕೆ. ಕೆಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಅತ್ತೆ ಒಂದು ಕಡೆ ನಿಂತು ಆಚೆ ಬಂಡೆಗಳನ್ನು ಬಹಳ ಹೊತ್ತು ನೋಡಿದಳು. ಕಾರೆಹಣ್ಣು ಕಿತ್ತು ನನಗೊಂದು ಕೊಟ್ಟು ತಾನೊಂದು ಬಾಯಿಗೆ ಹಾಕಿಕೊಂಡಳು. ಹಿಂದಿನಿಂದ ಅಜ್ಜಿ ಅವಸರ ಮಾಡಿ ಕೂಗುತ್ತಿದ್ದಳು, ಅತ್ತೆ ತಿರುಗಲಿಲ್ಲ. ಅವಳ ಮುಖದಲ್ಲಿ ಚಿಂತೆ ಇರಲಿಲ್ಲ, ನಗುವೂ ಇರಲಿಲ್ಲ. ಅಂಗಡಿಯಲ್ಲಿ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡುವವರ ಮುಖದ ಹಾಗಿತ್ತು.

ಮಂಟಪ ಬಂತು. ನಾಲ್ಕು ಕಲ್ಲುಕಂಬ, ಪಕ್ಕದಲ್ಲಿ ಬಾವಿ, ಎಲ್ಲಾ ತಾತ ಹೇಳಿದ ಹಾಗೇ ಇತ್ತು. ನಾವಿಬ್ಬರು ಮೊದಲು ಮುಟ್ಟಿ ಕಟ್ಟೆಯ ಮೇಲೆ ಕೂತೆವು. ಒಬ್ಬೊಬ್ಬರೇ ಬಂದು ಸೇರಿದರು. ಹುಡುಗ ಕೊನೆಗೆ ಬಂದ, ತಾಯಿಯ ಕೈ ಹಿಡಿದುಕೊಂಡು, ಕಾಲಿನ ಪಟ್ಟಿ ಕೆಂಪಾಗಿತ್ತು. ತಾಯಿಯನ್ನು ಕಂಬಕ್ಕೆ ಒರಗಿಸಿ ಕೂರಿಸಿದ. ಆಮೇಲೆ ಅತ್ತೆಯ ಮುಂದೆ ಬಂದು ನಿಂತು, ಎಲೆ ಬಿಚ್ಚಿ, ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡ.

ಅತ್ತೆ ಅವನ ಮುಖವನ್ನು ನೆಟ್ಟಗೆ ನೋಡಿದಳು. ನೋಡಲಿಕ್ಕೆ ಅಂತಲೇ ನೋಡಿದಳು, ಹಣೆಯಿಂದ ಪಾದದವರೆಗೆ, ಯಾವ ಅವಸರವೂ ಇಲ್ಲದೆ. ಆಮೇಲೆ ಕೈ ಚಾಚಿ ಅವನ ಅಂಗೈಯಿಂದ ಉಂಡೆ ತೆಗೆದುಕೊಂಡಳು. ಅಜ್ಜಿ "ಅಯ್ಯೋ" ಅಂದದ್ದು ನನಗೆ ಕೇಳಿಸಿತು. ಅತ್ತೆ ಅದನ್ನು ಎರಡು ಹೋಳು ಮಾಡಿದಳು. ಒಂದು ಹೋಳನ್ನು ಮೊದಲು ತನ್ನ ಬಾಯಿಗೆ ಹಾಕಿಕೊಂಡು, ನಾವೆಲ್ಲಾ ನೋಡುತ್ತಿದ್ದ ಹಾಗೆ ನಿಧಾನವಾಗಿ ಅಗಿದು ನುಂಗಿದಳು. ಇನ್ನೊಂದನ್ನು ಅವನ ಕೈಗೆ ಕೊಟ್ಟಳು.

"ಇದು ಊಟಾನೇ ಅನ್ಕೊಳ್ಳಿ" ಅಂದಳು.

ಅವನು ತಿಂದ. ಬೆಳಗಿನಿಂದ ಹಸಿದಿದ್ದವನು, ಒಂದೇ ತುತ್ತಿಗೆ ತಿಂದು ಕೆಮ್ಮಿದ. ತಾತ ಬಾವಿಯ ಕಡೆ ಮುಖ ಮಾಡಿ ಮೂಗು ಸೀನಿಕೊಂಡ. ಮೂರು ಸಲ ಮಗಳನ್ನು ಬೇಡ ಅಂದಾಗಲೂ ಕಣ್ಣಲ್ಲಿ ನೀರು ಹಾಕದ ಅಜ್ಜಿ ಮಂಟಪದ ಮೆಟ್ಟಿಲಲ್ಲಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಸೋದರಮಾವನವರು ಇದು ಯಾವ ಶಾಸ್ತ್ರದಲ್ಲಿ ಬರುತ್ತದೆ ಅಂತ ಯೋಚಿಸುತ್ತಾ ನಿಂತಿದ್ದರು, ಯಾರೂ ಅವರ ಕಡೆ ನೋಡಲಿಲ್ಲ.

ಅತ್ತೆ ಆಗಲೇ ಒಲೆಗೆ ಮೂರು ಕಲ್ಲು ಹೊಂದಿಸಿ, ನನಗೆ ಪುಳ್ಳೆ ಆರಿಸಲು ಕಳಿಸಿ, ಪಾತ್ರೆ ಕೈಯಲ್ಲಿ ಹಿಡಿದು ನಿಂತಿದ್ದಳು. ಎಷ್ಟು ಜನಕ್ಕೆ ಎಸರು ಇಡಲಿ ಅಂತ ಕೇಳಿದಳು. ನಮ್ಮವರು ಯಾರೂ ಬಾಯಿ ತೆರೆಯುವ ಮೊದಲೇ ಗಂಡಿನ ತಾಯಿ ಕಂಬಕ್ಕೆ ಒರಗಿದ್ದಲ್ಲಿಂದಲೇ ಹೇಳಿದರು.

"ಏಳು ಜನಕ್ಕೆ ಇಡವ್ವ."